ಹೆಂಡತಿಗೆಂದು ಇಟ್ಟಿದ್ದ ವೀಸಾ

ಬಹ್ರೇನಿನ ಸರ್ಕಾರಿ ದಾಖಲೆಗಳ ಪ್ರಕಾರ ನಾನು ಮೂರು ವರ್ಷ ಆರು ತಿಂಗಳ ಕಾಲ ಒಬ್ಬ ದರ್ಜಿಯ ಸಹಾಯಕನಾಗಿದ್ದೆ. ಸೂಜಿಗೆ ದಾರ ಪೋಣಿಸಲು ನನಗೆ ಇಂದಿಗೂ ಬರುವುದಿಲ್ಲ. ನಿವೃತ್ತಿಯ ನಂತರ ಊರಿಗೆ ಬಂದ ಮೇಲೆ ಈ ಸಂಗತಿಯನ್ನು ನಾನು ಹಲವರೆದುರು ತಮಾಷೆಯಾಗಿ ಹೇಳಿದ್ದೇನೆ, ಕೇಳಿದವರು ನಕ್ಕಿದ್ದಾರೆ. ಆ ಸಹಾಯಕನ ಜಾಗವನ್ನು ದರ್ಜಿಯು ತಮ್ಮ ಹೆಂಡತಿಗಾಗಿ ಕಾದಿರಿಸಿದ್ದರು ಎಂಬುದನ್ನೂ ಕೆಲವರಿಗೆ ಹೇಳಿದ್ದುಂಟು. ಹಾಗೆ ಹೇಳುವಾಗ ಮಾತ್ರ ಒಂದು ವಾಕ್ಯವನ್ನು ತಪ್ಪದೆ ಸೇರಿಸುತ್ತಿದ್ದೆ: "ನನಗದು ಆಮೇಲೆ ತಿಳಿಯಿತು." ಈ ಬರಹ ಆ ಒಂದು ವಾಕ್ಯದ ಪರಿಶೀಲನೆ.

ನನ್ನ ವೃತ್ತಿ ಅಂತರ್ಜಲದ ಸಂಶೋಧನೆ. ಬುದಯ್ಯದ ಕಡೆಯ ತೋಟಗಳಲ್ಲಿ ಬಾವಿಯ ನೀರು ವರ್ಷದಿಂದ ವರ್ಷಕ್ಕೆ ಹೇಗೆ ಉಪ್ಪಾಗುತ್ತಿದೆ ಎಂಬುದನ್ನು ಅಳೆದು ಬರೆದಿಡುವುದು ನನ್ನ ಕೆಲಸವಾಗಿತ್ತು. ಬಾವಿಯ ಸಂಖ್ಯೆ, ತಾರೀಕು, ವೇಳೆ, ಉಪ್ಪಿನಂಶ: ಈ ನಾಲ್ಕನ್ನು ಸ್ಥಳದಲ್ಲಿಯೇ ಬರೆಯಬೇಕು, ಮನೆಗೆ ಬಂದು ನೆನಪಿನಿಂದ ಬರೆಯಕೂಡದು ಎಂಬುದು ನಾನು ಕಿರಿಯರಿಗೆ ಕಲಿಸಿದ ಮೊದಲ ಪಾಠ. ೨೦೦೭ರ ಮಾರ್ಚ್ ಕೊನೆಗೆ ನನಗೆ ಅರವತ್ತು ತುಂಬಿ ಅಲ್ಲಿನ ಸಂಶೋಧನಾ ಸಂಸ್ಥೆಯಿಂದ ನಿವೃತ್ತನಾದೆ. ನನ್ನ ಹೆಂಡತಿ ಅಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಅವಳ ಸೇವೆ ಇನ್ನೂ ನಾಲ್ಕು ವರ್ಷ ಉಳಿದಿತ್ತು. ವಿಮಾನ ನಿಲ್ದಾಣದ ಪಕ್ಕದ ಅರಾದಿನಲ್ಲಿ ನಮ್ಮ ಮನೆ. ವಿಮಾನ ಇಳಿಯುವಾಗ ಮಾತು ನಿಲ್ಲಿಸಿ, ಅದು ಇಳಿದ ಮೇಲೆ ಅರ್ಧಕ್ಕೆ ಬಿಟ್ಟ ಪದದಿಂದಲೇ ಮುಂದುವರಿಸುವ ಅಭ್ಯಾಸ ನಮ್ಮಿಬ್ಬರಿಗೂ ಆಗಿಹೋಗಿತ್ತು. ಅವಳನ್ನು ಒಬ್ಬಳನ್ನೇ ಬಿಟ್ಟು ನಾನು ಧಾರವಾಡಕ್ಕೆ ಹಿಂದಿರುಗುವ ಮಾತೇ ಇರಲಿಲ್ಲ.

ಕೆಲಸಕ್ಕೇನೂ ಕೊರತೆಯಿರಲಿಲ್ಲ. ಕಚೇರಿಗಳ ಬಡಾವಣೆಯಾದ ಸೀಫ್‌ನ ಎರಡು ಎಂಜಿನಿಯರಿಂಗ್ ಸಂಸ್ಥೆಗಳು ತಮ್ಮ ನೀರಿನ ವರದಿಗಳನ್ನು ತಿದ್ದಿಕೊಡಲು ನನ್ನನ್ನು ಕೇಳಿದ್ದವು. ಆದರೆ ಆ ದೇಶದಲ್ಲಿ ಪರದೇಶದವನು ಸುಮ್ಮನೆ ಇರುವಂತಿಲ್ಲ, ಯಾರದೋ ಆಶ್ರಯದಲ್ಲಿ ಇರಬೇಕು. ಸಂಸ್ಥೆಯ ಆಶ್ರಯ ನಿವೃತ್ತಿಯೊಂದಿಗೆ ಮುಗಿದಿತ್ತು. ಹೆಂಡತಿಯ ಆಶ್ರಯದಲ್ಲಿ ಗಂಡ ಇರುವುದು ಸುಲಭವಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುವುದನ್ನು ಪರಿಶೀಲಿಸುವುದೇ ನನ್ನ ಕಸುಬಾಗಿದ್ದರೂ ಆ ದಾರಿಯನ್ನು ನಾನು ವಿಚಾರಿಸಲಿಲ್ಲ.

ಸಲಹೆ ಕೇಳಿದ್ದು ಹುಬ್ಬಳ್ಳಿಯ ಒಬ್ಬ ಲೆಕ್ಕಪರಿಶೋಧಕರನ್ನು. ಸೀಫ್‌ನಲ್ಲಿ ಅವರ ಕಚೇರಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನೇರ ಮಾತಿನವರು. ಅವರೆದುರು ನಾನು ಮೂರು ಅಂಕಣಗಳ ಒಂದು ಪಟ್ಟಿಯನ್ನು ಹರವಿದೆ. ಸ್ಥಳೀಯ ಪಾಲುದಾರನೊಂದಿಗೆ ಸೀಮಿತ ಹೊಣೆಯ ಕಂಪನಿ ಮೊದಲನೆಯದು. ನಾನೊಬ್ಬನೇ ಒಡೆಯನಾಗಿರುವ ಕಂಪನಿ ಎರಡನೆಯದು. ಬೇರೊಬ್ಬರ ಸಿಜಿಲ್, ಅಂದರೆ ವ್ಯಾಪಾರದ ನೋಂದಣಿ ಪತ್ರದ ಅಡಿಯಲ್ಲಿ ಹೆಸರಿಗೆ ನೌಕರನಾಗಿ ಸೇರಿಕೊಂಡು, ಹೊರಗೆ ನನ್ನ ಕೆಲಸ ನಾನು ಮಾಡಿಕೊಳ್ಳುವುದು ಮೂರನೆಯದು.

"ಮೂರನೇದು ಹೊಡದು ಹಾಕ್ರಿ ಸರ," ಎಂದರು ಅವರು ನನ್ನ ಪಟ್ಟಿಯನ್ನು ಪೂರ್ತಿ ಓದುವ ಮೊದಲೇ. "ಅದು ಕಾನೂನಿಗೆ ಕೂಡಂಗಿಲ್ಲ. ನಿಮ್ಮಂಥವರಿಗೆ ಎರಡನೇದು ಸರಿ. ನೀವು ಮಾಡೂ ಸಲಹೆ ಕೆಲಸಕ್ಕ ಪರದೇಶದವರಿಗೂ ಅವಕಾಶ ಐತ್ರಿ. ಒಂದು ವಿಳಾಸ, ಒಂದು ಬೋರ್ಡು, ನಾಕು ಸಹಿ. ಮುಗೀತು."

"ಬೋರ್ಡು ಹಾಕಲೇಬೇಕೇ?"

"ಹಾಕಬೇಕಲ್ರೀ. ಕಂಪನಿ ಅಂದಮ್ಯಾಲ ಬೋರ್ಡು ಇರಂಗಿಲ್ಲೇನು?"

"ಈ ವಯಸ್ಸಿನಲ್ಲಿ ಅಂಗಡಿ ತೆರೆದ ಹಾಗೆ ಆಗುತ್ತದೆ."

ಅವರು ಪಟ್ಟಿಯಿಂದ ತಲೆಯೆತ್ತಿದರು. "ಅಂಗಡಿ ತೆಗೆದವರೆಲ್ಲ ಸಣ್ಣ ಮಂದೀನೇನ್ರಿ? ನನ್ನ ಅಪ್ಪ ದುರ್ಗದಬೈಲಿನ್ಯಾಗ ಕಿರಾಣಿ ಅಂಗಡಿ ಇಟ್ಟಿದ್ರು."

ನಾನು ಕ್ಷಮೆ ಕೇಳಿದೆ. ಆದರೆ ಅಭಿಪ್ರಾಯ ಬದಲಿಸಲಿಲ್ಲ. ನಲವತ್ತು ವರ್ಷ ವಿದ್ವತ್ತಿನ ಹೆಸರಿನಲ್ಲಿ ಬದುಕಿದವನಿಗೆ ತನ್ನ ಹೆಸರು ವಾಣಿಜ್ಯದ ನೋಂದಣಿಯಲ್ಲಿ ಸೇರುವುದು ಮೈಲಿಗೆಯಂತೆ ತೋರಿತ್ತು. ಹೆಸರನ್ನು ಬಚ್ಚಿಡಲು ಹೋಗಿ ಯಾವ ಹೆಸರನ್ನು ಹೊತ್ತೆನೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿದ್ದೇನೆ.

ದರ್ಜಿ ನನಗೆ ಪರಿಚಿತರಾಗಿ ಆಗಲೇ ಆರು ವರ್ಷವಾಗಿತ್ತು. ಉಡುಪಿಯ ತೆಂಕು ದಿಕ್ಕಿನ, ಕಡಲ ಬದಿಯ ಊರಿನವರು, ಮನೆಮಾತು ತುಳು. ಬುದಯ್ಯದ ರಸ್ತೆಯ ಬದಿಯಲ್ಲಿ ಹೆಂಗಸರ ಉದ್ದನೆಯ ನಿಲುವಂಗಿಗಳನ್ನು ಹೊಲಿಯುವ ಅಂಗಡಿಯನ್ನು ನಡೆಸುತ್ತಿದ್ದರು. ಸಿಜಿಲ್ ಇದ್ದದ್ದು ಸ್ಥಳೀಯ ವೃದ್ಧೆಯೊಬ್ಬರ ಹೆಸರಿನಲ್ಲಿ, ಅಂಗಡಿ ನಡೆದದ್ದು ಇವರ ಕೈಯಿಂದ. ಬಾವಿಗಳ ಸುತ್ತಾಟದಲ್ಲಿ ನಾನು ಅಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತಿದ್ದೆ. ಕನ್ನಡಿಗರ ಕೂಟದಲ್ಲಿ ನಾನು ಉಪನ್ಯಾಸ ಮಾಡಿದರೆ ಅವರು ಕೊನೆಯ ಸಾಲಿನಲ್ಲಿ ಕುಳಿತು ಕೇಳಿ, ಮುಗಿದ ಮೇಲೆ ಬಂದು "ಅರ್ಧ ಅರ್ಥ ಆಯ್ತು ಸರ್, ಆದ್ರೆ ಚಂದ ಇತ್ತು" ಎನ್ನುತ್ತಿದ್ದರು. ಅವರ ದರ್ಜೆಯ ಸಂಬಳಕ್ಕೆ ಕುಟುಂಬದ ವೀಸಾ ಸಿಗುತ್ತಿರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಅವರಿಗಿದ್ದದ್ದು ಒಂದೇ ದಾರಿ: ಅದೇ ಅಂಗಡಿಯ ಸಿಜಿಲಿನಲ್ಲಿ ಒಂದು ಕೆಲಸಗಾರರ ಜಾಗ. ಅದಕ್ಕಾಗಿ ಎರಡು ವರ್ಷ ಆ ವೃದ್ಧೆಯ ಬೆನ್ನು ಬಿದ್ದು, ಕಡೆಗೊಮ್ಮೆ ಒಂದು ಜಾಗವನ್ನು ಪಡೆದಿದ್ದರು.

ನಾನು ಹೇಳುತ್ತ ಬಂದ ಕಥೆಯಲ್ಲಿ ಘಟನೆಗಳ ಕ್ರಮ ಹೀಗಿತ್ತು. ಗುರುವಾರದ ರಜೆಯ ದಿನ ಅಂಗಡಿಗೆ ಹೋಗಿ ಜಾಗ ಕೇಳಿದೆ. ಅವರು ಸಂತೋಷದಿಂದ ಕೊಟ್ಟರು. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಕೆಲವು ತಿಂಗಳ ಮೇಲೆ ಮಾತಿನ ನಡುವೆ, ಅದು ಹೆಂಡತಿಗೆಂದು ಇಟ್ಟ ಜಾಗ ಎಂದು ತಿಳಿದು ನನಗೆ ನೋವಾಯಿತು.

ಕಳೆದ ದಶಕದ ಕೊನೆಯ ಭಾಗದಲ್ಲಿ, ಬಹ್ರೇನಿನಲ್ಲಿ ಕೆಲಸಗಾರರು ಯಾರ ಆಶ್ರಯವೂ ಇಲ್ಲದೆ ತಮ್ಮ ಹೆಸರಿನಲ್ಲಿಯೇ ಪರವಾನಗಿ ಪಡೆಯುವ ವ್ಯವಸ್ಥೆ ಬಂದಿತೆಂದು ಪತ್ರಿಕೆಯಲ್ಲಿ ಓದಿದೆ. ಆರಂಭವಾದದ್ದು ೨೦೧೭ರ ಜುಲೈಯಲ್ಲಿ. ಅದರ ಕುರಿತು ಕೂಟದ ಸಂಚಿಕೆಗೆ ಒಂದು ಲೇಖನ ಬರೆಯಲು ಕುಳಿತು, ನನ್ನ ಅನುಭವವನ್ನೂ ಸೇರಿಸೋಣವೆಂದುಕೊಂಡೆ. ಎರಡನೆಯ ಪುಟದಲ್ಲಿಯೇ ಲೇಖನಿ ನಿಂತಿತು. ಬಹ್ರೇನಿನಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರಗಳಿಂದ ಶುಕ್ರವಾರ ಮತ್ತು ಶನಿವಾರಗಳಿಗೆ ಬದಲಾದದ್ದು ೨೦೦೬ರ ಸೆಪ್ಟೆಂಬರಿನಲ್ಲಿ. ನಾನು ನಿವೃತ್ತನಾದದ್ದು ಅದರ ಮರುವರ್ಷ. ಹಾಗಾದರೆ ಗುರುವಾರದ ರಜೆಯ ದಿನ ಹೋದದ್ದು ಹೇಗೆ? ಒಂದು ತಾರೀಕು ತಪ್ಪಿದ್ದರೆ ಸುತ್ತಲಿನವನ್ನೂ ನಂಬಬಾರದು. ಪೆಟ್ಟಿಗೆ ತೆಗೆದು ಹಳೆಯ ಪಾಸ್‌ಪೋರ್ಟನ್ನೂ ಆ ವರ್ಷದ ದಿನಚರಿಯನ್ನೂ ಅಕ್ಕಪಕ್ಕ ಇಟ್ಟೆ.

ಪಾಸ್‌ಪೋರ್ಟಿನ ಮುದ್ರೆ ಏಪ್ರಿಲ್ ೨೫, ಬುಧವಾರದ್ದು. ದಿನಚರಿಯಲ್ಲಿ ಏಪ್ರಿಲ್ ೧೪, ಶನಿವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ, ಬಾವಿಯ ಲೆಕ್ಕ ಬರೆಯುವ ಅದೇ ಚುಟುಕು ರೀತಿಯಲ್ಲಿ ಹೀಗಿತ್ತು: "ದರ್ಜಿ ಅಂಗಡಿ. ಖಾಲಿ ವೀಸಾ ಒಂದು, ಹೆಂಡತಿಗೆಂದು ಇಟ್ಟದ್ದು. ಕೊಡುತ್ತಾರೆ."

ನಡುವೆ ಹನ್ನೊಂದು ದಿನ. ಹನ್ನೊಂದು ದಿನವೂ ನನಗೆ ಗೊತ್ತಿತ್ತು.

ದಿನಚರಿಯನ್ನು ಮುಚ್ಚಿದ ಮೇಲೆ ಆ ಶನಿವಾರ ತುಂಡುತುಂಡಾಗಿ ಹಿಂದಿರುಗಿತು. ಮಾತುಗಳ ವಿಷಯದಲ್ಲಿ ನೆನಪಲ್ಲದೆ ಬೇರೆ ಆಧಾರ ನನ್ನಲ್ಲಿಲ್ಲ. ಅವರು ಕಡುನೀಲಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ನಾನು ವಿಷಯ ಹೇಳಿದೆ.

"ನಿಮಗಾ ಸರ್?" ಎಂದು ನಕ್ಕರು. "ತಮಾಷೆ ಮಾಡ್ಬೇಡಿ ಮಾರಾಯ್ರೆ. ನೀವು ನನ್ನ ಹೆಲ್ಪರಾ?"

"ಕಾಗದದಲ್ಲಿ ಮಾತ್ರ. ನಿಮ್ಮ ಸಿಜಿಲಿನಲ್ಲಿ ಜಾಗವಿದೆಯೇ?"

"ಉಂಟು ಸರ್, ಒಂದು ಉಂಟು." ಅವರು ಸೀಮೆಸುಣ್ಣವನ್ನು ಕೆಳಗಿಟ್ಟರು. "ಅದು ಹೆಂಡತಿಗೆ ಅಂತ ಇಟ್ಟದ್ದು. ಅವಳಿಗೆ ಕೊರಳಪಟ್ಟಿಯ ಕಸೂತಿ ಬರ್ತದೆ, ನನಗಿಂತ ಚಂದ ಮಾಡ್ತಾಳೆ. ಮದುವೆಯಾಗಿ ಹದಿನಾಲ್ಕು ವರ್ಷ ಸರ್. ಒಟ್ಟಿಗೆ ಇದ್ದದ್ದು ಕೂಡಿಸಿದ್ರೆ ಎರಡು ವರ್ಷ ಆಗ್ಲಿಕ್ಕಿಲ್ಲ."

ಇಲ್ಲಿ ನಾನು "ಹಾಗಾದರೆ ಬೇಡ" ಎನ್ನಬೇಕಿತ್ತು. ಎರಡೇ ಪದ. ನನಗೆ ಇನ್ನೊಂದು ದಾರಿಯಿತ್ತು, ಅವರಿಗೆ ಇರಲಿಲ್ಲ. ನಾನು ಹೇಳಿದ್ದು ಬೇರೆ:

"ಒಂದೇ ವರ್ಷದ ಮಾತು."

ವೀಸಾ ಎರಡು ವರ್ಷದ್ದೆಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಬಟ್ಟೆಯ ಅಂಚನ್ನು ಬೆರಳಿನಿಂದ ಎರಡು ಸಲ ನೇವರಿಸಿದರು.

"ನೀವೇ ಬಂದು ಕೇಳಿದ ಮೇಲೆ ಇಲ್ಲ ಅಂತ ಹೇಗೆ ಹೇಳುದು ಸರ್? ಅವಳು ಇಷ್ಟು ವರ್ಷ ಕಾದಿದ್ದಾಳೆ. ಇನ್ನೊಂದು ವರ್ಷ ಕಾಯ್ತಾಳೆ."

ಪ್ರತಿಫಲವಾಗಿ ಅವರು ಏನನ್ನೂ ಮುಟ್ಟಲಿಲ್ಲ. ಮುಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ನಮ್ಮ ಜನರಲ್ಲಿ ಓದಿದವನು ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವುದು ಅಪಚಾರ ಎಂಬ ಭಾವನೆಯಿದೆ. ಆ ಭಾವನೆಯ ಬಲ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸೀಫ್‌ನಲ್ಲಿದ್ದ ನನ್ನ ಸರೀಕರನ್ನು ಬಿಟ್ಟು ಅವರಲ್ಲಿಗೆ ಹೋಗಿದ್ದೆ.

ಹೀಗೆ ನಾನು ದರ್ಜಿಯ ಸಹಾಯಕನಾದೆ. ಸೀಫ್‌ನ ಕಚೇರಿಗಳಿಗೆ ಟೈ ಕಟ್ಟಿಕೊಂಡು ಹೋಗುತ್ತಿದ್ದೆ, ಹೆಸರಿನ ಮೊದಲಿಗೆ ಡಾಕ್ಟರ್ ಎಂದು ಅಚ್ಚಾದ ಪರಿಚಯ ಚೀಟಿ ಹಂಚುತ್ತಿದ್ದೆ. ಒಂದು ದಿನ ಬ್ಯಾಂಕಿನಲ್ಲಿ ವಿಳಾಸ ಬದಲಿಸಲು ನನ್ನ ಗುರುತಿನ ಕಾರ್ಡು ಮತ್ತು ಪರವಾನಗಿ ಪತ್ರಗಳನ್ನು ಕೊಟ್ಟೆ. ಕೌಂಟರಿನ ಸ್ಥಳೀಯ ಯುವತಿ ಖಾತೆಯಲ್ಲಿದ್ದ ಡಾಕ್ಟರ್ ಎಂಬ ಬಿರುದನ್ನೂ ಪತ್ರವನ್ನೂ ಓದಿ ತಲೆಯೆತ್ತಿ, "ದಖ್ತೂರ್, ಖಯ್ಯಾತ್?" ಎಂದಳು. ಡಾಕ್ಟರೂ ಹೌದು, ದರ್ಜಿಯೂ ಹೌದೇ ಎಂದು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ಹಬ್ಬ ಹತ್ತಿರ ಬಂದಿದೆ, ತನ್ನ ತಾಯಿ ಒಳ್ಳೆಯ ದರ್ಜಿಗಾಗಿ ಹುಡುಕುತ್ತಿದ್ದಾಳೆ, ಅಂಗಡಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅಂಗಡಿಯ ದಾರಿ ಹೇಳಿಬಿಡಬಹುದಿತ್ತು, ದರ್ಜಿಗೆ ಒಬ್ಬ ಗಿರಾಕಿಯಾದರೂ ಸಿಗುತ್ತಿದ್ದಳು. ಅಚ್ಚಿನ ತಪ್ಪು ಎಂದು ಹೇಳಿ ಕಾಗದ ಮಡಚಿಕೊಂಡು ಹೊರಬಂದೆ.

೨೦೦೮ರ ಚಳಿಗಾಲದಲ್ಲಿ, ತಿಂಗಳನ್ನು ಖಚಿತಪಡಿಸಿಕೊಳ್ಳಲು ನನ್ನಿಂದಾಗಿಲ್ಲ, ಬೆಳಗ್ಗೆ ಹತ್ತರ ಹೊತ್ತಿಗೆ ದರ್ಜಿಯ ಫೋನು ಬಂತು.

"ಸರ್, ತಪಾಸಣೆಯವರು ಎದುರಿನ ಸಾಲಿಗೆ ಬಂದಿದ್ದಾರೆ. ಇನ್ನು ನಮ್ಮ ಸಾಲು. ಒಂದು ಗಂಟೆ ಬಂದು ಕೂತ್ಕೊಳ್ಳಿ ಸರ್, ದಮ್ಮಯ್ಯ."

ಕಾರಿನಲ್ಲಿಯೇ ಟೈ ಬಿಚ್ಚಿ ಹಾಕಿ ಹೋದೆ. ಅವರು ನನ್ನನ್ನು ಮೂಲೆಯ ಒಂದು ಯಂತ್ರದ ಮುಂದೆ ಕೂರಿಸಿ ಮಡಿಲಿಗೆ ಒಂದು ಬಟ್ಟೆ ಹಾಕಿದರು. ಯಂತ್ರ ಹೊಸದು, ಯಾರೂ ಬಳಸಿದ ಗುರುತಿರಲಿಲ್ಲ. ಅದು ಯಾರಿಗೆಂದು ತಂದದ್ದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಪಾಸಣೆಗೆ ಬಂದ ತರುಣ ಸಭ್ಯನಾಗಿದ್ದ. ಕಾಗದಗಳನ್ನು ನೋಡಿ, ನನ್ನ ಬಿಳಿ ತಲೆಯನ್ನೂ ದಪ್ಪ ಕನ್ನಡಕವನ್ನೂ ನೋಡಿ, ಹಿಂದಿಯಲ್ಲಿ "ಇವರು ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದ.

"ಚಾಚಾ ಹೈ. ಬಟನ್ ಕಾ ಕಾಮ್," ಎಂದರು ದರ್ಜಿ.

ತರುಣ ತನ್ನ ಬಿಳಿ ನಿಲುವಂಗಿಯ ತೋಳನ್ನು ನನ್ನ ಮುಂದೆ ಚಾಚಿದ. ಅಲ್ಲಿ ಒಂದು ಗುಂಡಿ ದಾರದಲ್ಲಿ ನೇತಾಡುತ್ತಿತ್ತು. "ಚಾಚಾ, ಲಗಾ ದೋ," ಎಂದು ನಕ್ಕ. ಪರೀಕ್ಷೆಯೋ ಸಲಿಗೆಯೋ ಇಂದಿಗೂ ತಿಳಿಯದು. ನಾನು ಸೂಜಿಯನ್ನು ಬೆಳಕಿಗೆ ಹಿಡಿದೆ. ದಾರ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ ಹೋಯಿತು. ದರ್ಜಿ ಮೆಲ್ಲನೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಚಾಚಾನ ಕೈ ಈಗೀಗ ನಡುಗುತ್ತದೆ, ಆದರೂ ಮನೆಗೆ ಕಳಿಸಲು ಮನಸ್ಸಾಗುವುದಿಲ್ಲ ಎಂದು ಹೇಳುತ್ತಲೇ ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು. ತರುಣ ನನ್ನ ಭುಜ ತಟ್ಟಿ, ಆರೋಗ್ಯ ನೋಡಿಕೊಳ್ಳಿರೆಂದು ಹೇಳಿ ಹೋದ.

"ನಿಮಗೆ ಬಟನ್ ಹಾಕ್ಲಿಕ್ಕೆ ಕಲಿಸ್ತೇನೆ ಸರ್, ಎರಡು ದಿನ ಬನ್ನಿ," ಎಂದು ದರ್ಜಿ ನಕ್ಕರು. "ಅವಳಾದ್ರೆ ಮಾತಾಡ್ತಾ ಮಾತಾಡ್ತಾ..." ಎಂದವರು ಅಲ್ಲಿಗೇ ನಿಲ್ಲಿಸಿ, "ಚಾ ತರಿಸ್ಲಾ ಸರ್?" ಎಂದರು.

ಮುಂದಿನ ವಾರ ಕೂಟದಲ್ಲಿ ಯಾರೋ ನಾನು ಆ ಅಂಗಡಿಯೊಳಗೆ ಕುಳಿತದ್ದನ್ನು ಕಂಡೆವೆಂದರು. ದರ್ಜಿ ನಾಲ್ಕು ಮಾರು ದೂರದಲ್ಲಿ ಕುರ್ಚಿ ಜೋಡಿಸುತ್ತಿದ್ದರು. "ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋಗಿದ್ದೆ," ಎಂದೆ ನಾನು. ಅವರಿಗೆ ಕೇಳಿಸಿತೆಂದು ನನಗೆ ಗೊತ್ತು. ಕುರ್ಚಿ ಜೋಡಿಸುವುದನ್ನು ಅವರು ನಿಲ್ಲಿಸಲಿಲ್ಲ.

"ಆಮೇಲೆ ತಿಳಿಯಿತು" ಎಂಬ ವಾಕ್ಯವನ್ನು ನಾನು ಮೊದಲ ಬಾರಿ ಆಡಿದ್ದು ೨೦೦೯ರ ಏಪ್ರಿಲಿನಲ್ಲಿ, ನನ್ನ ಹೆಂಡತಿಯೆದುರು. ವೀಸಾದ ಎರಡು ವರ್ಷ ಮುಗಿಯುತ್ತ ಬಂದಿತ್ತು. ದರ್ಜಿ ಕಾಗದಗಳನ್ನು ಹಿಡಿದು ಅರಾದಿನ ನಮ್ಮ ಮನೆಗೆ ಬಂದರು. ಹಿಂದೆ ಎಂದೂ ಬಂದವರಲ್ಲ. ಸೋಫಾದ ಅಂಚಿನಲ್ಲಿ ಕುಳಿತರು.

"ಈ ಸರ್ತಿ ಎಂತ ಮಾಡುದು ಸರ್?"

"ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ," ಎಂದೆ. ಇದು ಬಹಳ ಸಭ್ಯವಾದ ಮಾತು. ಅವರಂಥವರ ಮುಂದೆ ಇಂಥ ಮಾತನ್ನಿಟ್ಟರೆ ನಮ್ಮ ಅನುಕೂಲವೇ ನಡೆಯುತ್ತದೆಂದು ತಿಳಿದು ಆಡಿದ ಮಾತೂ ಹೌದು.

ಅವರು ನಾನು ಇನ್ನೇನಾದರೂ ಹೇಳುವೆನೋ ಎಂದು ಕಾದರು. ತಲೆಯ ಮೇಲೆ ವಿಮಾನವೊಂದು ಇಳಿಯಿತು, ಆ ಸದ್ದು ಮುಗಿಯುವವರೆಗೂ ಕಾದರು.

"ನನ್ನ ಅನುಕೂಲ ಅಂತ ಎಂತ ಇಲ್ಲ ಸರ್," ಎಂದು ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಸಹಿ ಮಾಡಿದೆ.

ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ಆ ಮನುಷ್ಯ ಏನೋ ಹೇಳಬೇಕು ಅಂತ ಬಂದಿದ್ದರು. ಏನದು?" ನಾನು ಜಾಗದ ವಿಷಯ ತಿಳಿಸಿದೆ. "ಕೇಳುವಾಗ ನನಗೆ ಗೊತ್ತಿರಲಿಲ್ಲ. ನನಗದು ಆಮೇಲೆ ತಿಳಿಯಿತು," ಎಂದೆ.

ಅವಳು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ಕೆಂಪು ಪೆನ್ನನ್ನು ಮುಚ್ಚಿಟ್ಟಳು. "ಈಗಂತೂ ಗೊತ್ತಿತ್ತಲ್ಲ. ನೀವು ನನ್ನ ಜೊತೆ ಇರಬೇಕು ಅಂತ ಅವರ ಹೆಂಡತಿ ಅಲ್ಲಿ ಕೂತಿದ್ದಾರೆ. ನನಗೆ ಒಂದು ಮಾತು ಹೇಳಬೇಕಿತ್ತು ನೀವು. ನಾನು ಬೇಕಾದರೆ ಕೆಲಸ ಬಿಟ್ಟು ಬರ್ತಿದ್ದೆ." ಅನಂತರ ಹಲವು ದಿನ ವಿಮಾನ ಹೋದ ಮೇಲೂ ನಮ್ಮ ಮಾತು ಮುಂದುವರಿಯಲಿಲ್ಲ.

ಕಡೆಗೆ ನಾನು ಕಂಪನಿ ಮಾಡಿದ್ದು ೨೦೧೦ರಲ್ಲಿ. ಪಶ್ಚಾತ್ತಾಪದಿಂದಲ್ಲ. ನೋಂದಾಯಿತ ಸಂಸ್ಥೆಯ ಹೆಸರಿನ ಬಿಲ್ಲಿಲ್ಲದೆ ಇನ್ನು ಕೆಲಸ ಕೊಡಲಾಗದೆಂದು ಸೀಫ್‌ನವರು ತಿಳಿಸಿದ್ದರಿಂದ. ಹುಬ್ಬಳ್ಳಿಯ ಲೆಕ್ಕಪರಿಶೋಧಕರು ನನ್ನ ಹಳೆಯ ಮೂರು ಅಂಕಣದ ಪಟ್ಟಿಯನ್ನು ಕಡತದಲ್ಲಿಯೇ ಇಟ್ಟಿದ್ದರು. "ಆವತ್ತ ಹೇಳಿದ್ನಲ್ರೀ ಸರ," ಎಂದಷ್ಟೇ ಅಂದರು. ಒಬ್ಬನೇ ಒಡೆಯನ ಕಂಪನಿ, ಹಂಚಿಕೊಂಡ ಕಚೇರಿಯಲ್ಲಿ ಒಂದು ಮೇಜು, ಅಂಗೈಯಗಲದ ಬೋರ್ಡು. ಅರ್ಜಿಯಿಂದ ನೋಂದಣಿಯವರೆಗೆ ಮೂರು ವಾರವೂ ಹಿಡಿಯಲಿಲ್ಲ. ಬೋರ್ಡಿನಲ್ಲಿ ನನ್ನ ಹೆಸರನ್ನು ನೋಡಿ ಯಾರೂ ನಗಲಿಲ್ಲ. ಯಾರೂ ನೋಡಲೇ ಇಲ್ಲ ಎನ್ನುವುದು ಹೆಚ್ಚು ನಿಖರ.

ಅಕ್ಟೋಬರಿನಲ್ಲಿ ದರ್ಜಿಯ ಅಂಗಡಿಗೆ ಹೋಗಿ, ನನ್ನ ಹೆಸರು ತೆಗೆಸಬಹುದೆಂದು ಹೇಳಿದೆ.

"ಒಳ್ಳೆದಾಯ್ತು ಸರ್. ಸ್ವಂತದ್ದು ಇರ್ಬೇಕು."

"ಈಗ ನಿಮ್ಮ ಮನೆಯವರನ್ನು ಕರೆಸಿಕೊಳ್ಳಬಹುದಲ್ಲ."

"ಅವಳು ಈಗ ಬರುದಿಲ್ಲ ಅಂತಾಳೆ ಸರ್." ಅವರು ನಗಲು ಪ್ರಯತ್ನಿಸಿದರು. "ನೀವೇ ಒಂದು ಮಾತು ಹೇಳಿ ನೋಡಿ. ನೀವು ಹೇಳಿದ್ರೆ ಕೇಳ್ಲಿಕ್ಕೂ ಸಾಕು." ನಾನು ಬೇಡವೆನ್ನುವ ಮೊದಲೇ ಊರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

ಆಕೆಯ ದನಿ ನಾನು ಊಹಿಸಿದ್ದಕ್ಕಿಂತ ಗಟ್ಟಿಯಾಗಿತ್ತು. "ನಮಸ್ಕಾರ ಸರ್. ಕಂಪನಿ ಮಾಡಿದ್ರಂತೆ, ಸಂತೋಷ."

"ಈಗ ಜಾಗ ಖಾಲಿಯಾಗಿದೆಯಮ್ಮ. ನೀವು ಬರಬಹುದು."

"ಬಂದು ಎಂತ ಮಾಡುದು ಸರ್? ಇಲ್ಲಿ ಹೊಲಿಗೆ ಕ್ಲಾಸು ಶುರು ಮಾಡಿದ್ದೇನೆ. ಹನ್ನೊಂದು ಜನ ಬರ್ತಾರೆ ಕಲೀಲಿಕ್ಕೆ. ಅವರನ್ನು ಬಾವಿಗೆ ಹಾಕಿ ಬರ್ಲಾ?" ಎಂದು ನಕ್ಕು, ಮತ್ತೆ ಗಂಭೀರವಾದರು. "ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಆ ವೀಸಾ ನನಗೆ ಅಂತ ಇವರು ನಿಮ್ಮ ಹತ್ರ ಹೇಳ್ಲೇ ಇಲ್ಲಂತೆ. ನಾಚಿಕೆ ಆಯ್ತಂತೆ ಹೇಳ್ಲಿಕ್ಕೆ. ಹೌದಾ ಸರ್?"

ನಾನು ದರ್ಜಿಯತ್ತ ನೋಡಿದೆ. ಫೋನಿನಿಂದ ಆಕೆಯ ಮಾತು ಹೊರಗೂ ಕೇಳುತ್ತಿತ್ತು. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು ನಿಂತಿದ್ದ ಅವರು ನನ್ನ ಕಡೆಗೆ, ಹೌದೆನ್ನಿ ಎಂಬಂತೆ, ಸಣ್ಣಗೆ ತಲೆಯಾಡಿಸಿದರು. ಮೂರೂವರೆ ವರ್ಷ ಅವರು ಮನೆಯಲ್ಲಿ ಹೇಳುತ್ತ ಬಂದದ್ದು ಇದನ್ನು. ನಾನು ವಿಷಯ ತಿಳಿದೂ ಕಿತ್ತುಕೊಂಡೆನೆಂದು ಹೇಳುವ ಬದಲು, ತಾವೇ ಹೇಳಲಿಲ್ಲವೆಂದು ಹೇಳಿದ್ದರು. ನನ್ನ ಮರ್ಯಾದೆ ಉಳಿಸಲು ಹೆಂಡತಿಯ ಮುಂದೆ ತಮ್ಮದನ್ನು ಕಳೆದುಕೊಂಡಿದ್ದರು. ಅದನ್ನು ಅವರಿಗೆ ಹಿಂದಿರುಗಿಸಲು ನನಗಿದ್ದ ಅವಕಾಶ ಅದೊಂದೇ, ಅದೂ ಒಂದು ಕ್ಷಣದ್ದು.

"ಹೌದಮ್ಮ," ಎಂದೆ. "ನನಗದು ಆಮೇಲೆ ತಿಳಿಯಿತು."

"ಹಾಗಾದ್ರೆ ನಿಮ್ಮದು ಎಂತ ತಪ್ಪಿಲ್ಲ ಸರ್," ಎಂದರು ಆಕೆ. "ನನಗೆ ಹೆಂಡತಿ ಇದ್ದಾಳೆ ಅಂತ ಹೇಳ್ಲಿಕ್ಕೆ ನಾಚಿಕೆ ಪಡುವವರ ಹತ್ರ ನಾನು ಎಂತಕ್ಕೆ ಬರುದು?"

ದರ್ಜಿ ಫೋನು ಹಿಂದಕ್ಕೆ ಪಡೆದು, "ಬಿಡಿ ಸರ್, ಅವಳದ್ದು ಹಾಗೇ," ಎಂದರು. ಆಕೆ ಬಹ್ರೇನಿಗೆ ಬರಲೇ ಇಲ್ಲ. ೨೦೧೪ರಲ್ಲಿ ದರ್ಜಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಊರಿಗೆ ಹಿಂದಿರುಗಿದರು. ಅಷ್ಟರಲ್ಲಿ ನಾವು ಧಾರವಾಡಕ್ಕೆ ಬಂದು ಮೂರು ವರ್ಷವಾಗಿತ್ತು. ಒಂದು ಸುಳ್ಳನ್ನು ಎರಡು ಸಲ ಹೇಳಿದವನಿಗೆ ಮೂರನೆಯ ಸಲ ಅದು ನೆನಪೆಂದೇ ತೋರುತ್ತದೆ. ದಿನಚರಿ ತೆರೆಯುವವರೆಗೆ ನಾನು ಅದನ್ನು ನಿಜವಾಗಿಯೂ ನಂಬಿದ್ದೆ. ಈ ನಂಬಿಕೆಯನ್ನು ನನ್ನ ಪರವಾದ ಸಾಕ್ಷ್ಯವೆಂದು ಯಾರೂ ತೆಗೆದುಕೊಳ್ಳಬಾರದು.

ಕೂಟದ ಸಂಚಿಕೆಯ ಲೇಖನವನ್ನು ಕೈಬಿಟ್ಟೆ. ಬದಲಿಗೆ ೨೦೧೮ರ ಆರಂಭದಲ್ಲಿ ಆಕೆಗೆ ಒಂದು ಕಾಗದ ಬರೆದೆ. ಎರಡು ತಾರೀಕುಗಳನ್ನು ಕೊಟ್ಟೆ. ವೀಸಾ ನಿಮಗೆಂದು ನಿಮ್ಮ ಗಂಡ ಮೊದಲೇ ಸ್ಪಷ್ಟವಾಗಿ ಹೇಳಿದ್ದರು, ನಾನು ತಿಳಿದೇ ತೆಗೆದುಕೊಂಡೆ, ಫೋನಿನಲ್ಲಿ ನಿಮಗೆ ಹೇಳಿದ್ದು ಸುಳ್ಳು ಎಂದು ಬರೆದೆ. ಕ್ಷಮೆಯನ್ನೂ ಕೇಳಿದೆ. ಒಂದು ವಾರದ ಮೇಲೆ ದರ್ಜಿಯ ಫೋನು ಬಂತು.

"ಎಂತಕ್ಕೆ ಬರೆದ್ರಿ ಸರ್?" ಅವರ ದನಿಯಲ್ಲಿ ನಾನು ಹಿಂದೆಂದೂ ಕೇಳದ ಕೋಪವಿತ್ತು. "ಎಲ್ಲ ಮುಗಿದು ಹೋಗಿತ್ತು. ನಾಚಿಕೆಯ ಗಂಡ ಅಂತ ಬೈತಿದ್ಲು, ಅದು ಅಭ್ಯಾಸ ಆಗಿತ್ತು ನನಗೆ. ಈಗ ಸುಳ್ಳುಗಾರ ಅಂತಾಳೆ. ಇಷ್ಟು ವರ್ಷ ಯಾರ ಮನೆಯ ಮರ್ಯಾದೆ ಕಾಯ್ಲಿಕ್ಕೆ ನನಗೆ ಸುಳ್ಳು ಹೇಳಿದ್ರಿ ಅಂತ ಕೇಳ್ತಾಳೆ. ನಾನು ಎಂತ ಹೇಳ್ಲಿ?"

ಆ ಕಡೆ ಫೋನು ಕೈ ಬದಲಾದ ಸದ್ದಾಯಿತು.

"ಸರ್, ಕಾಗದ ಓದಿದೆ," ಎಂದರು ಆಕೆ. "ಇವರು ಹರಿದು ಬಿಸಾಡು ಅಂತಾರೆ. ನಾನು ಬಿಸಾಡುದಿಲ್ಲ."

"ನನ್ನನ್ನು ಕ್ಷಮಿಸಬೇಕಮ್ಮ."

"ಅದು ಕಡೆಗೆ ಬರೆದಿದ್ದೀರಿ, ನೋಡಿದೆ. ಅದು ಇರ್ಲಿ. ನನಗೆ ಒಂದು ಹೇಳಿ. ಆ ದಿನ ಇವರು ನನ್ನ ವಿಷಯ ಹೇಳಿದ್ರಲ್ಲ, ಹೇಗೆ ಹೇಳಿದ್ರು? ಮೆಲ್ಲ ಹೇಳಿದ್ರಾ, ಜೋರಾಗಿ ಹೇಳಿದ್ರಾ?"

ಜೋರಾಗಿ ಎಂದುಬಿಡಬಹುದಿತ್ತು. ಆಕೆಗೆ ಬೇಕಿದ್ದದ್ದು ಅದೇ ಎಂದು ನನಗನ್ನಿಸಿತು. ದಿನಚರಿಯ ಆ ಪುಟ ಮೇಜಿನ ಮೇಲೆಯೇ ಇತ್ತು, ಅದರಲ್ಲಿ ಅಂಥದೇನೂ ಬರೆದಿರಲಿಲ್ಲ.

"ನನಗೆ ನೆನಪಿಲ್ಲಮ್ಮ," ಎಂದೆ.

"ನಿಮಗೆ ಕೇಳುವಷ್ಟು ಜೋರಾಗಿ ಹೇಳಿದ್ರಲ್ಲ," ಎಂದರು ಆಕೆ. "ಸಾಕು."